ಸ್ಕಾಲರ್‌ಶಿಪ್ ಸಿಕ್ಕಿತು ಸರಿ, ದುಡ್ಡು ಕೈಗೆ ಬರುವುದು ಯಾವಾಗ?

ಕೊನೇಸೆಮ್

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕೊನೇ ವರ್ಷದಲ್ಲಿದ್ದೇನೆ. ಆಮೇಲೆ ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಆಸೆ. ಮನೆಯಲ್ಲಿ ದುಡ್ಡು ಕೇಳುವ ಹಾಗಿಲ್ಲ, ಸಾಲ ಮಾಡುವ ಧೈರ್ಯ ನನಗಿಲ್ಲ. ಉಳಿದದ್ದು ಸ್ಕಾಲರ್‌ಶಿಪ್ ಒಂದೇ.

ಎರಡು ವಾರ ಕೂತು ಒಂದು ಶೀಟ್ ಮಾಡಿದ್ದೇನೆ. ರೋಡ್ಸ್, ಚೀವ್ನಿಂಗ್, ಎರಾಸ್ಮಸ್ ಮುಂಡಸ್, ಡಾಡ್, ಗೇಟ್ಸ್ ಕೇಂಬ್ರಿಜ್, ಫುಲ್‌ಬ್ರೈಟ್, ಮೆಕ್ಸ್ಟ್, ಹೀಗೆ ಒಟ್ಟು 41 ಹೆಸರು ಆಗಿವೆ. ಎಲ್ಲದಕ್ಕೂ ಹಾಕಿಬಿಡಲಾ? ಒಂದಾದರೂ ತಗಲಬಹುದು ಅಲ್ವಾ? ಮೊದಲು ಯಾವುದಕ್ಕೆ ಹಾಕಬೇಕು ಅಂತ ಅನುಭವ ಇರುವವರು ಹೇಳಿ.

ಮೂರನೇಬೆಂಚು

41! ನಾನು ಇಡೀ ಜೀವನದಲ್ಲಿ ಬರೆದ ಪರೀಕ್ಷೆಗಳೂ ಅಷ್ಟಿರಲಿಲ್ಲ.

ಲೆಕ್ಕದಕ್ಕ

ಶೀಟ್‌ನಲ್ಲಿ ಏನೇನು ಕಾಲಂ ಮಾಡಿಕೊಂಡಿದ್ದೀರಿ?

ಕೊನೇಸೆಮ್

ಹೆಸರು, ದೇಶ, ಎಷ್ಟು ಕೊಡುತ್ತಾರೆ, ಕೊನೇ ದಿನಾಂಕ. ಅಷ್ಟೇ ಅಕ್ಕ.

ಲೆಕ್ಕದಕ್ಕ

ಅಷ್ಟು ಸಾಲದು. ಇನ್ನೂ ಮೂರು ಕಾಲಂ ಸೇರಿಸಿ. ಯಾರು ಅರ್ಜಿ ಹಾಕಬಹುದು. ಓದು ಮುಗಿದ ಮೇಲೆ ನಿಮ್ಮಿಂದ ಏನು ಕೇಳುತ್ತಾರೆ. ದುಡ್ಡು ಯಾವಾಗ, ಯಾರ ಖಾತೆಗೆ ಬರುತ್ತದೆ.

ಮೊದಲನೇ ಕಾಲಂ ತುಂಬುವಾಗಲೇ ಅರ್ಧ ಪಟ್ಟಿ ಖಾಲಿಯಾಗುತ್ತದೆ, ಬೇಕಾದರೆ ನೋಡಿ. ಚೀವ್ನಿಂಗ್ ಬ್ರಿಟನ್ ಸರ್ಕಾರದ್ದು, ಒಂದು ವರ್ಷದ ಮಾಸ್ಟರ್ಸ್‌ಗೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಗಂಟೆ ಲೆಕ್ಕದಲ್ಲಿ 2,800. ನೀವಿನ್ನೂ ಕಾಲೇಜಿನಲ್ಲಿದ್ದೀರಿ. ಸದ್ಯಕ್ಕೆ ಅಳಿಸಿ, ಕೆಲಸಕ್ಕೆ ಸೇರಿದ ಮೇಲೆ ನೋಡೋಣ.

ಡಾಡ್ ಅನ್ನುವುದು ಒಂದು ಸ್ಕಾಲರ್‌ಶಿಪ್ ಅಲ್ಲ, ಜರ್ಮನಿಯ ಒಂದು ಸಂಸ್ಥೆ. 1925ರಿಂದ ಇದೆ. ಅದರ ಕೆಳಗೆ ಹತ್ತಾರು ಯೋಜನೆಗಳಿವೆ, ಒಂದೊಂದಕ್ಕೂ ಬೇರೆ ನಿಯಮ. ಅಭಿವೃದ್ಧಿಗೆ ಸಂಬಂಧಪಟ್ಟ ಕೋರ್ಸ್‌ಗಳಿಗೆ ಎಪೋಸ್ ಅಂತ ಒಂದಿದೆ, ಅದಕ್ಕೂ ಎರಡು ವರ್ಷದ ಅನುಭವ ಬೇಕು. ಶೀಟ್‌ನಲ್ಲಿ ಬರೀ "ಡಾಡ್" ಅಂತ ಬರೆದುಕೊಂಡಿದ್ದರೆ ಏನೂ ಬರೆಯದ ಹಾಗೆಯೇ. ಯಾವ ಯೋಜನೆ ಅಂತ ಬರೆಯಿರಿ.

ಅಮೆರಿಕದ ಎನ್‌ಎಸ್‌ಎಫ್ ಗ್ರ್ಯಾಜುಯೇಟ್ ಫೆಲೋಶಿಪ್ ನಿಮ್ಮ ಪಟ್ಟಿಯಲ್ಲಿದೆಯಾ? ಅದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದು, ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಹೊರಗಿನವರಿಗೆ ಇಲ್ಲ.

ಕೊನೇಸೆಮ್

ಇದೆ 😐 17ನೇದು. ಅಳಿಸಿದೆ. ಮೇರಿ ಕ್ಯೂರಿ?

ಲ್ಯಾಬ್‌ಇಲಿ

ಅದನ್ನು ನನಗೆ ಬಿಡಿ, ನಾನೇ ಆ ಬಲೆಯಲ್ಲಿ ಬಿದ್ದ ಇಲಿ.

ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಯೋಜನೆ ಯುರೋಪಿಯನ್ ಒಕ್ಕೂಟದ್ದು. ಡಾಕ್ಟರಲ್ ನೆಟ್‌ವರ್ಕ್ ಅನ್ನುವುದು ಪಿಎಚ್‌ಡಿಗೆ, ಮಾಸ್ಟರ್ಸ್‌ಗೆ ಅಲ್ಲ. ಅದರಲ್ಲಿ ಒಂದು ವಿಚಿತ್ರ ನಿಯಮ ಇದೆ. ನೀವು ಸೇರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅಂದರೆ ಒಂದು ದೇಶದಲ್ಲಿ ಎರಡು ವರ್ಷ ಮಾಸ್ಟರ್ಸ್ ಮುಗಿಸಿ, ಅದೇ ಊರಲ್ಲಿ, ಅದೇ ಪ್ರೊಫೆಸರ್ ಹತ್ತಿರ ಇದಕ್ಕೆ ಸೇರುತ್ತೇನೆ ಅಂದರೆ ಆಗುವುದಿಲ್ಲ. ಜನ ಓಡಾಡಲಿ ಅಂತಲೇ ಈ ಯೋಜನೆ ಇರುವುದು. ನನಗೆ ಪ್ರೊಫೆಸರ್ ಒಪ್ಪಿದ್ದರು, ಲ್ಯಾಬ್ ಒಪ್ಪಿತ್ತು, ನಿಯಮ ಒಪ್ಪಲಿಲ್ಲ. ಆಮೇಲೆ ಪಕ್ಕದ ದೇಶಕ್ಕೆ ಹೋದೆ.

ಪಿಎಚ್‌ಡಿಯ ಬಗ್ಗೆ ಇನ್ನೊಂದು ಮಾತು. ತುಂಬಾ ಜನ "ಪಿಎಚ್‌ಡಿಗೆ ಸ್ಕಾಲರ್‌ಶಿಪ್ ಯಾವುದಿದೆ" ಅಂತ ಹುಡುಕುತ್ತಾ ಕೂರುತ್ತಾರೆ. ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಕಡೆ ಒಳ್ಳೆಯ ಡಿಪಾರ್ಟ್‌ಮೆಂಟ್‌ಗಳು ಪಿಎಚ್‌ಡಿ ಸೀಟಿನ ಜೊತೆಗೇ ಫೀಸ್ ಮನ್ನಾ, ಸ್ಟೈಪೆಂಡ್ ಕೊಡುತ್ತವೆ. ಬದಲಿಗೆ ನೀವು ಟಿಎ ಆಗಿ ಪಾಠದ ಕೆಲಸ ಮಾಡುತ್ತೀರಿ, ಇಲ್ಲವೇ ಆರ್‌ಎ ಆಗಿ ಸಂಶೋಧನೆಯ ಕೆಲಸ ಮಾಡುತ್ತೀರಿ. ಬೇರೆ ಅರ್ಜಿಯೇ ಬೇಡ. ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆ ಪಿಎಚ್‌ಡಿ ಅಂದರೆ ಬಹುಮಟ್ಟಿಗೆ ನೌಕರಿ. ಕೆಲಸಕ್ಕೆ ಕರೆಯುವ ಹಾಗೆ ಜಾಹೀರಾತು ಹಾಕುತ್ತಾರೆ, ಸಂಬಳ ಕೊಡುತ್ತಾರೆ. ಅದನ್ನು ಸ್ಕಾಲರ್‌ಶಿಪ್ ಪಟ್ಟಿಗಳಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ? ಯೂರಾಕ್ಸೆಸ್ ಅಂತ ಯುರೋಪಿನ ಪೋರ್ಟಲ್ ಇದೆ, ಅಲ್ಲಿ ನೋಡಬೇಕು.

ನೌಕರಿ ಅಂದರೆ ಕಾಂಟ್ರಾಕ್ಟ್, ಹುಷಾರು ತಪ್ಪಿದರೆ ರಜೆ, ಪಿಂಚಣಿಗೆ ಕಟ್ಟುವ ಹಣ. ಫೆಲೋಶಿಪ್ ಅಂದರೆ ಇವು ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಲ್ಯಾಬಿನಲ್ಲಿ ಇಬ್ಬರು ಒಂದೇ ಮೈಕ್ರೋಸ್ಕೋಪ್ ಹಂಚಿಕೊಂಡು ಒಂದೇ ಕೆಲಸ ಮಾಡುತ್ತಿದ್ದೆವು. ಅವನು ಫೆಲೋ, ನಾನು ನೌಕರಳು. ಅವನ ಹೆಸರು ಯೂನಿವರ್ಸಿಟಿ ಸುದ್ದಿಪತ್ರದಲ್ಲಿ ಬಂತು. ಕಾಲು ಮುರಿದುಕೊಂಡಾಗ ಸಂಬಳದ ಜೊತೆ ರಜೆ ಸಿಕ್ಕಿದ್ದು ನನಗೆ.

ಅಡ್ಡಮಾತು

ಎಲ್ಲಾ ಸರಿ ಸ್ವಾಮಿ, ಇವೆಲ್ಲ ಲಾಟರಿ. ಗೇಟ್ಸ್ ಕೇಂಬ್ರಿಜ್ ಇಡೀ ಜಗತ್ತಿಗೆ ವರ್ಷಕ್ಕೆ ಕೊಡುವುದು ಸುಮಾರು 80. ಸ್ಟ್ಯಾನ್‌ಫರ್ಡ್‌ನ ನೈಟ್-ಹೆನ್ನೆಸಿ ಹೆಚ್ಚೆಂದರೆ 100. ನಿಮ್ಮ ಮೂರು ಕಾಲಂ, ಆರು ಕಾಲಂ ಇಟ್ಟುಕೊಂಡು ಏನು ಮಾಡುವುದು? ಸುಮ್ನೆ ಎಲ್ಲದಕ್ಕೂ ಹಾಕಲಿ ಬಿಡಿ. ಹಾಕೋದಕ್ಕೆ ಏನು ದುಡ್ಡು ಕೊಡಬೇಕಾ?

ಹಳೇಮೇಷ್ಟ್ರು

ದುಡ್ಡು ಕೊಡಬೇಕಾಗಿಲ್ಲ. ಆದರೆ ಮೇಷ್ಟ್ರುಗಳನ್ನು ಖರ್ಚು ಮಾಡಬೇಕು. ಒಬ್ಬ ಮೇಷ್ಟ್ರ ಹತ್ತಿರ 41 ಶಿಫಾರಸು ಪತ್ರ ಬರೆಸಿ ನೋಡಿ, ಆರನೇದರಿಂದಲೇ ಹೆಸರು ಬದಲಾಯಿಸಿ ಅದನ್ನೇ ಕಳಿಸುತ್ತಾರೆ. ನಾನೇ ಕಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕೆಲವು ವರ್ಷ ಆಯ್ಕೆ ಸಮಿತಿಯೊಂದರಲ್ಲಿ ಕೂತಿದ್ದೆ. ಯಾವುದು ಅಂತ ಹೇಳುವುದಿಲ್ಲ. ಮೊದಲ ಸುತ್ತಿನಲ್ಲಿ ಒಂದು ಫೈಲಿಗೆ ಹತ್ತು ಹನ್ನೆರಡು ನಿಮಿಷ ಸಿಕ್ಕಿದರೆ ಹೆಚ್ಚು. ನಾನು ಮೊದಲು ಅಂಕಪಟ್ಟಿ ನೋಡುತ್ತಿದ್ದೆ, ಆಮೇಲೆ ಶಿಫಾರಸು ಪತ್ರ, ಅಭ್ಯರ್ಥಿಯ ಪ್ರಬಂಧ ಕೊನೆಗೆ. ಯಾಕೆ ಅಂದರೆ ಪ್ರಬಂಧಗಳು ಮುಕ್ಕಾಲು ಪಾಲು ಒಂದೇ ಥರ ಶುರುವಾಗುತ್ತವೆ. "ಬಾಲ್ಯದಿಂದಲೂ ನನಗೆ ಈ ವಿಷಯದಲ್ಲಿ ಅಪಾರ ಆಸಕ್ತಿ." ಬಾಲ್ಯದಲ್ಲಿ ಯಾರಿಗಪ್ಪಾ ದ್ರವ ಚಲನಶಾಸ್ತ್ರದಲ್ಲಿ ಆಸಕ್ತಿ ಇರುತ್ತದೆ?

ಪತ್ರಗಳ ಕಥೆಯೂ ಅಷ್ಟೇ. "ಈ ವಿದ್ಯಾರ್ಥಿ ಶ್ರಮಜೀವಿ, ವಿನಯವಂತ, ಸಮಯಪಾಲಕ." ಇದನ್ನು ಓದಿದರೆ ಮೇಷ್ಟ್ರಿಗೆ ಹುಡುಗನ ಮುಖ ನೆನಪಿಲ್ಲ ಅಂತ ಗೊತ್ತಾಗುತ್ತದೆ. ಒಂದೇ ಒಂದು ಪತ್ರ ನನಗೆ ಇವತ್ತಿಗೂ ನೆನಪಿದೆ. ಒಬ್ಬ ಹುಡುಗಿಯ ಬಗ್ಗೆ ಅವಳ ಮೇಷ್ಟ್ರು ಬರೆದಿದ್ದರು. ಲ್ಯಾಬಿನ ತಕ್ಕಡಿ ದಿನಾ ಮಧ್ಯಾಹ್ನ ತಪ್ಪು ತೂಕ ತೋರಿಸುತ್ತಿತ್ತಂತೆ. ಎಲ್ಲರೂ ರೀಡಿಂಗ್ ತಿದ್ದಿ ಬರೆದುಕೊಳ್ಳುತ್ತಿದ್ದರಂತೆ. ಇವಳು ನಾಲ್ಕು ದಿನ ಕಾದು ನೋಡಿ, ಕಿಟಕಿಯ ಬಿಸಿಲು ತಕ್ಕಡಿಯ ಮೇಲೆ ಬೀಳುವ ಹೊತ್ತಿಗೇ ಹಾಗಾಗುತ್ತದೆ ಅಂತ ಕಂಡುಹಿಡಿದು ಮೇಜು ಸರಿಸಿದಳಂತೆ. ಪತ್ರ ಇದ್ದದ್ದು ಮುಕ್ಕಾಲು ಪುಟ. ಅವಳ ಅಂಕ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಇರಲಿಲ್ಲ. ಆದರೂ ಸಂದರ್ಶನಕ್ಕೆ ಕರೆದೆವು.

ಹಾಗಾಗಿ ಲಾಟರಿ ಅನ್ನುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೊನೆಯ ಸುತ್ತಿನಲ್ಲಿ ಇಪ್ಪತ್ತು ಒಳ್ಳೆಯವರಲ್ಲಿ ಐವರನ್ನು ಆರಿಸುವಾಗ ಅದೃಷ್ಟ ಇದ್ದೇ ಇದೆ. ಆ ಇಪ್ಪತ್ತರೊಳಗೆ ಬರುವುದಕ್ಕೆ ಅದೃಷ್ಟ ಸಾಲದು.

ಅಡ್ಡಮಾತು

ಮೇಷ್ಟ್ರೇ, ಆ ಹುಡುಗಿಗೆ ಸಿಕ್ಕಿತಾ?

ಹಳೇಮೇಷ್ಟ್ರು

ಇಲ್ಲ. ಆರನೆಯವಳಾದಳು.

ಅಡ್ಡಮಾತು

ನಾನು ಹೇಳಿದ್ದೂ ಅದೇ.

ನಿದ್ದೆಗೆಟ್ಟವಳು

ಇಬ್ಬರೂ ಆಮೇಲೆ ಜಗಳ ಆಡಿ. ಪತ್ರದ ವಿಷಯಕ್ಕೆ ಒಂದು ಸೇರಿಸುತ್ತೇನೆ. ಎಲ್ಲಾ ಕಡೆ ಒಂದೇ ಪತ್ರ ನಡೆಯುವುದಿಲ್ಲ. ಗೇಟ್ಸ್ ಕೇಂಬ್ರಿಜ್‌ಗೆ ಕೋರ್ಸಿನ ಎರಡು ಶೈಕ್ಷಣಿಕ ಪತ್ರದ ಜೊತೆಗೆ ಸ್ಕಾಲರ್‌ಶಿಪ್‌ಗೇ ಬೇರೆ ಒಂದು ಪತ್ರ ಬೇಕು. ಅವರು ನೋಡುವುದು ನಾಲ್ಕು. ಓದಿನಲ್ಲಿ ಮೇಲ್ಮಟ್ಟ, ಆ ಕೋರ್ಸೇ ಯಾಕೆ, ಇನ್ನೊಬ್ಬರ ಬದುಕು ಸುಧಾರಿಸುವ ಬಗ್ಗೆ ಕಾಳಜಿ, ನಾಯಕತ್ವ. ಕೆಮಿಸ್ಟ್ರಿ ಮೇಷ್ಟ್ರು ನನಗೂ ಪತ್ರ ಕೊಟ್ಟಿದ್ದರು. ಅದರಲ್ಲಿ ಮೊದಲನೆಯದು ಮಾತ್ರ ಇತ್ತು, ಉಳಿದ ಮೂರರ ಸುದ್ದಿಯೇ ಇಲ್ಲ. ತಪ್ಪು ಅವರದಲ್ಲ. ಈ ನಾಲ್ಕು ವಿಷಯ ನೋಡುತ್ತಾರೆ ಅಂತ ನಾನು ಹೇಳಿಯೇ ಇರಲಿಲ್ಲ.

ಕೊನೇಸೆಮ್

ಸರಿ, ಮೊದಲ ಕಾಲಂ ಮುಗಿಸಿ ಬಂದೆ. 41 ಇದ್ದದ್ದು ಈಗ 14. ನಗಬೇಡಿ. ಅಕ್ಕ, ಎರಡನೇ ಕಾಲಂ ಏನು? ಮುಗಿದ ಮೇಲೂ ಏನಾದರೂ ಕೇಳುತ್ತಾರಾ?

ಲೆಕ್ಕದಕ್ಕ

ಸರ್ಕಾರದ ದುಡ್ಡಾದರೆ ಸಾಮಾನ್ಯವಾಗಿ ಕೇಳುತ್ತಾರೆ. ಚೀವ್ನಿಂಗ್‌ನವರು ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ಸ್ವದೇಶಕ್ಕೆ ಹಿಂತಿರುಗಬೇಕು ಅನ್ನುತ್ತಾರೆ. ಫುಲ್‌ಬ್ರೈಟ್‌ನಲ್ಲಿ ಹೋಗುವವರಿಗೆ ಜೆ-1 ಅನ್ನುವ ವಿನಿಮಯ ವೀಸಾ, ಅದಕ್ಕೆ ಎರಡು ವರ್ಷದ ಸ್ವದೇಶ ವಾಸದ ಷರತ್ತು ಅಂಟಿಕೊಂಡಿರುತ್ತದೆ. ಆ ಎರಡು ವರ್ಷ ಕಳೆಯದೆ ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ ಕೇಳುವ ಹಾಗಿಲ್ಲ, ವಿನಾಯಿತಿ ಸಿಕ್ಕಿದರೆ ಮಾತ್ರ ಬೇರೆ.

ಇದು ಒಳ್ಳೆಯದಾ ಕೆಟ್ಟದ್ದಾ ಅಂತ ನಾನು ಹೇಳುವುದಿಲ್ಲ. ವಾಪಸ್ ಬರುವ ಮನಸ್ಸಿದ್ದವರಿಗೆ ಇದು ಷರತ್ತೇ ಅಲ್ಲ. ಅಲ್ಲೇ ಕೆಲಸ ಹಿಡಿದು ಮನೆಗೆ ದುಡ್ಡು ಕಳಿಸಬೇಕು ಅಂತಿದ್ದವರಿಗೆ ಇದು ದೊಡ್ಡ ಗೋಡೆ. ಅರ್ಜಿ ಹಾಕುವ ಮುಂಚೆ ಗೊತ್ತಿರಬೇಕು, ಅಷ್ಟೇ. ನನ್ನ ಗೆಳತಿಯೊಬ್ಬಳು ಎರಡನೇ ವರ್ಷದಲ್ಲಿ ಈ ಸಾಲು ಓದಿದಳು. ಅದೂ ಕೆಲಸದ ಆಫರ್ ಕೈಗೆ ಬಂದ ಮೇಲೆ.

ಸುತ್ತುವಳ್ಳಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಈ ಫುಲ್‌ಬ್ರೈಟ್ ಶುರುವಾದ ಕಥೆ ಯಾರಿಗಾದರೂ ಗೊತ್ತಾ? 1946ರಲ್ಲಿ ಸೆನೆಟರ್ ಫುಲ್‌ಬ್ರೈಟ್ ತಂದ ಕಾಯ್ದೆ ಅದು. ಎರಡನೇ ಮಹಾಯುದ್ಧ ಮುಗಿದಿತ್ತು. ಅಮೆರಿಕದ ಸೈನ್ಯದ ಸಾಮಾನು ಬೇರೆ ಬೇರೆ ದೇಶಗಳಲ್ಲಿ ಬಿದ್ದಿತ್ತು. ಅದನ್ನು ವಾಪಸ್ ಸಾಗಿಸುವ ಬದಲು ಅಲ್ಲಲ್ಲೇ ಮಾರಿ, ಬಂದ ಹಣದಲ್ಲಿ ವಿದ್ಯಾರ್ಥಿಗಳ ವಿನಿಮಯ ಮಾಡೋಣ ಅಂದರು. ಯುದ್ಧದ ಗುಜರಿ ಮಾರಿದ ದುಡ್ಡು! ನನಗಂತೂ ಎಲ್ಲಾ ಸ್ಕಾಲರ್‌ಶಿಪ್‌ಗಳಲ್ಲಿ ಇದರ ಹುಟ್ಟೇ ಚೆಂದ ಅನಿಸುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಓದಿಸುವ ರೋಡ್ಸ್ ಹಾಗಲ್ಲ. ಸೆಸಿಲ್ ರೋಡ್ಸ್ 1902ರಲ್ಲಿ ಸತ್ತ, ಅವನ ಉಯಿಲಿನಿಂದ ಶುರುವಾಯಿತು. ದಕ್ಷಿಣ ಆಫ್ರಿಕಾದ ವಜ್ರದ ಗಣಿಯ ದುಡ್ಡು, ಸಾಮ್ರಾಜ್ಯ ಕಟ್ಟಿದವನ ದುಡ್ಡು. ಹೆಣ್ಣುಮಕ್ಕಳಿಗೆ 1977ರ ತನಕ ಕೊಡಲೇ ಇಲ್ಲ. 2015ರಲ್ಲಿ ಕೇಪ್‌ಟೌನ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಅವನ ಪ್ರತಿಮೆ ತೆಗೆಸಿದರು.

ಅಡ್ಡಮಾತು

ಹಾಗಾದರೆ ರೋಡ್ಸ್ ತೆಗೆದುಕೊಳ್ಳಬಾರದಾ?

ಸುತ್ತುವಳ್ಳಿ

ನಾನು ಹಾಗೆ ಹೇಳಲಿಲ್ಲ. ಸಿಕ್ಕಿದರೆ ನಾನೂ ಹೋಗುತ್ತಿದ್ದೆ. ಯಾರ ಜೇಬಿನ ದುಡ್ಡು ಅಂತ ಗೊತ್ತಿಟ್ಟುಕೊಂಡು ಹೋಗುತ್ತಿದ್ದೆ. ಸಂದರ್ಶನದಲ್ಲಿ ಅದನ್ನೇ ಕೇಳಿದರೆ ತಡವರಿಸುವ ಹಾಗೆ ಇರಬಾರದು.

ಮೂರನೇಬೆಂಚು

ಈಗ ಮೂರನೇ ಕಾಲಂ ನನಗೆ ಕೊಡಿ. ನನ್ನ ಹೊಟ್ಟೆಯುರಿ ಇರುವುದೇ ಅಲ್ಲಿ.

ನನಗೆ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತ್ತು. ಪತ್ರದಲ್ಲಿ "ಫುಲ್ಲಿ ಫಂಡೆಡ್" ಅಂತ ದಪ್ಪ ಅಕ್ಷರದಲ್ಲಿತ್ತು. ಮನೆಯಲ್ಲಿ ಎಲ್ಲರೂ ಒಂದು ರೂಪಾಯಿಯೂ ಖರ್ಚಿಲ್ಲ ಅಂದುಕೊಂಡರು. ನಾನೂ ಅಂದುಕೊಂಡೆ. ವಿಮಾನದ ಟಿಕೆಟ್ ಅವರದೇ, ಆದರೆ ಮೊದಲು ನಾನು ಕೊಳ್ಳಬೇಕು, ಬಿಲ್ ಕೊಟ್ಟರೆ ಆಮೇಲೆ ವಾಪಸ್. ವೀಸಾ ಫೀಸೂ ಹಾಗೆಯೇ. ಪರಿಚಯದವರ ಹತ್ತಿರ ಕೈಗಡ ಮಾಡಿದೆ.

ಇಳಿದ ಮೇಲೆ ಶುರುವಾಯಿತು ನೋಡಿ. ಸ್ಟೈಪೆಂಡ್ ಬರುವುದು ಅಲ್ಲಿನ ಬ್ಯಾಂಕ್ ಖಾತೆಗೆ ಮಾತ್ರ. ಖಾತೆ ತೆರೆಯಲು ವಿಳಾಸ ನೋಂದಣಿಯ ಕಾಗದ ಬೇಕು. ವಿಳಾಸಕ್ಕೆ ರೂಮ್ ಬೇಕು. ರೂಮಿಗೆ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್ ಬೇಕು. ಅಡ್ವಾನ್ಸ್ ಕೊಡಲು ಸ್ಟೈಪೆಂಡ್ ಬೇಕು. ಗಾಣದ ಎತ್ತಿನ ಥರ ಸುತ್ತಿದೆ. ಮೊದಲ ಕಂತು ಬಂದದ್ದು ಏಳನೇ ವಾರದಲ್ಲಿ. ಅಷ್ಟು ದಿನ ಪರಿಚಯವೇ ಇಲ್ಲದ ಸೀನಿಯರ್ ಒಬ್ಬರ ಸೋಫಾದ ಮೇಲೆ ಮಲಗಿದ್ದೆ. ಅದು ನನಗಿಂತ ಅರ್ಧ ಅಡಿ ಗಿಡ್ಡ. ಇವತ್ತಿಗೂ ಕಾಲು ಮಡಚಿಕೊಂಡೇ ಮಲಗುತ್ತೇನೆ.

ಆಮೇಲೆ ಕೂತು ಆಫರ್ ಪತ್ರ ಮೊದಲಿನಿಂದ ಓದಿದೆ. ನಾಲ್ಕನೇ ಪುಟ, ಕೆಳಗಿನಿಂದ ಎರಡನೇ ಸಾಲು. "ನೋಂದಣಿ ಪೂರ್ಣಗೊಂಡ ನಂತರದ ತಿಂಗಳ ಕೊನೆಯಲ್ಲಿ ಮೊದಲ ಕಂತು ಪಾವತಿಸಲಾಗುವುದು." ಅವರು ಮುಚ್ಚಿಟ್ಟಿರಲಿಲ್ಲ. ನಾನು ಓದಿರಲಿಲ್ಲ. ನನ್ನ ಸಿಟ್ಟು ಅದಕ್ಕಲ್ಲ. ಮೇಲ್ ಮಾಡಿ ಕೇಳಿದರೆ ಮೂರು ವಾರ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಕಚೇರಿಗೆ ಹೋಗಿ ನಿಂತಾಗ ಅಲ್ಲಿದ್ದ ಹೆಂಗಸು ಹೇಳಿದರು, "ಇಂಥವರಿಗೇ ತುರ್ತು ಮುಂಗಡ ಕೊಡುತ್ತೇವಲ್ಲ, ಕೇಳಲಿಲ್ಲವಾ?" ಆ ಫಾರಂ ಅರ್ಧ ಪುಟದ್ದು. ಎರಡು ದಿನದಲ್ಲಿ ದುಡ್ಡು ಬರುತ್ತಿತ್ತಂತೆ.

ಲೆಕ್ಕದಕ್ಕ

ಇದನ್ನು ಎಲ್ಲರೂ ಎರಡು ಸಲ ಓದಿ. ಆಫರ್ ಬಂದ ದಿನವೇ ಕೇಳಬೇಕಾದ ಪ್ರಶ್ನೆ ಇದು: ಮೊದಲ ಕಂತು ಯಾವ ದಿನಾಂಕಕ್ಕೆ, ಅದಕ್ಕಿಂತ ಮುಂಚೆ ಬೇಕಾದರೆ ಮುಂಗಡ ಇದೆಯಾ? ಹೀಗೆ ಕೇಳಿದರೆ ಸ್ಕಾಲರ್‌ಶಿಪ್ ವಾಪಸ್ ಕಿತ್ತುಕೊಳ್ಳುವುದಿಲ್ಲ. ತುಂಬಾ ಜನ ಆ ಭಯಕ್ಕೇ ಸುಮ್ಮನಿರುತ್ತಾರೆ.

ಕೊನೇಸೆಮ್, ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಪಟ್ಟಿಯಲ್ಲಿ ಉಳಿದಿದೆ ಅಲ್ವಾ? ಅದರಲ್ಲಿ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು. ಟ್ಯೂಷನ್ ಫೀಸ್ ಇಲ್ಲ. ಆದರೆ ಪ್ರಯಾಣಕ್ಕೆ, ವೀಸಾಕ್ಕೆ, ಹೊಸ ಊರಲ್ಲಿ ನೆಲೆಯೂರುವುದಕ್ಕೆ ಬೇರೆ ದುಡ್ಡಿಲ್ಲ, ಎಲ್ಲಾ ಆ 1,400ರಲ್ಲೇ. ಮತ್ತೆ ಆ ಕೋರ್ಸ್‌ನ ಗುಣವೇ ಕನಿಷ್ಠ ಎರಡು ದೇಶಗಳಲ್ಲಿ ಓದುವುದು. ಕೆಲವು ಕೋರ್ಸ್‌ಗಳಲ್ಲಿ ಮೂರು, ನಾಲ್ಕು. ಪ್ರತಿ ಸಲ ಊರು ಬಿಟ್ಟಾಗಲೂ ಹೊಸ ರೂಮ್, ಹೊಸ ಅಡ್ವಾನ್ಸ್, ಹಳೇ ಅಡ್ವಾನ್ಸ್ ಇನ್ನೂ ವಾಪಸ್ ಬಂದಿರುವುದಿಲ್ಲ. ನಾನು ಎರಡು ವರ್ಷದಲ್ಲಿ ಮೂರು ಊರು ನೋಡಿದೆ. ಖುಷಿ ಇತ್ತು. ಆದರೆ ಒಂದು ಪ್ರೆಷರ್ ಕುಕ್ಕರ್ ಮೂರು ದೇಶ ಸುತ್ತಿತು, ಅದಕ್ಕೂ ಲಗೇಜ್ ಕಟ್ಟಿದೆ.

ನಿದ್ದೆಗೆಟ್ಟವಳು

ಇನ್ನೊಂದು ಗುಂಡಿ ಇದೆ, ಯಾರೂ ಹೇಳುವುದಿಲ್ಲ. ಅಮೆರಿಕದ ಕಡೆ ಇದು ಜಾಸ್ತಿ. ಯೂನಿವರ್ಸಿಟಿ ನಿಮಗೆ ಒಂದಿಷ್ಟು ಸಹಾಯಧನ ಕೊಟ್ಟಿರುತ್ತದೆ. ನೀವು ಕಷ್ಟಪಟ್ಟು ಹೊರಗಿನ ಒಂದು ಸ್ಕಾಲರ್‌ಶಿಪ್ ಗೆಲ್ಲುತ್ತೀರಿ. ಕುಣಿದಾಡುತ್ತಾ ಅವರಿಗೆ ತಿಳಿಸುತ್ತೀರಿ. ಅವರು ಅಷ್ಟೇ ಮೊತ್ತ ತಮ್ಮ ಸಹಾಯದಿಂದ ಕಡಿಮೆ ಮಾಡುತ್ತಾರೆ. ನಿಮ್ಮ ಕೈಗೆ ಬಂದದ್ದು ಸೊನ್ನೆ.

ನನ್ನ ತಂಗಿಗೆ ಹೀಗಾಯಿತು. ಅವಳು ಅಳುತ್ತಾ ಫೋನ್ ಮಾಡಿದಳು. ಆಮೇಲೆ ನಾವಿಬ್ಬರೂ ನಿಯಮ ಓದಿ ಒಂದು ಮೇಲ್ ಬರೆದೆವು: "ಕಡಿಮೆ ಮಾಡುವುದಾದರೆ ಮೊದಲು ಸಾಲದ ಭಾಗ, ದುಡಿದು ಗಳಿಸಬೇಕಾದ ಭಾಗ ಕಡಿಮೆ ಮಾಡಿ, ಅನುದಾನ ಮುಟ್ಟಬೇಡಿ." ಪೂರ್ತಿ ಒಪ್ಪಲಿಲ್ಲ, ಅರ್ಧ ಒಪ್ಪಿದರು. ಕೆಲವು ಕಡೆ ಇದೇ ನಿಯಮ ಆಗಿರುತ್ತದೆ, ಕೆಲವು ಕಡೆ ಕೇಳಿದರೆ ಮಾತ್ರ.

ಪದವಿಗೇ ಹೊರಗೆ ಹೋಗುವವರಿಗೆ ಒಂದು ಮಾತು. "ನೀಡ್ ಬ್ಲೈಂಡ್" ಅನ್ನುವ ಪದ ಹುಡುಕಿ. ಸೀಟು ಕೊಡುವಾಗ ನಿಮ್ಮ ಹತ್ತಿರ ದುಡ್ಡಿದೆಯೋ ಇಲ್ಲವೋ ಅಂತ ನೋಡುವುದೇ ಇಲ್ಲ ಅಂತ ಅರ್ಥ. ಹೊರದೇಶದವರಿಗೂ ಹಾಗೆ ಮಾಡುವ ಅಮೆರಿಕದ ಕಾಲೇಜುಗಳು ಬೆರಳೆಣಿಕೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಇನ್ನು ಕೆಲವು. ಉಳಿದ ಕಡೆ ಸಹಾಯ ಕೇಳಿದರೆ ಸೀಟಿನ ಸಾಧ್ಯತೆಯೇ ಕಡಿಮೆಯಾಗಬಹುದು.

ಕೊನೇಸೆಮ್

ಇವತ್ತು ಬೆಳಿಗ್ಗೆ ಒಂದು ಮೆಸೇಜ್ ಬಂತು. "ಅಭಿನಂದನೆಗಳು, ನೀವು ಅಂತರರಾಷ್ಟ್ರೀಯ ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿದ್ದೀರಿ. ಪ್ರೊಸೆಸಿಂಗ್ ಶುಲ್ಕ ಕಟ್ಟಿದರೆ ಹಣ ಬಿಡುಗಡೆ." ನಾನು ಅರ್ಜಿಯನ್ನೇ ಹಾಕಿಲ್ಲ. ಶೀಟ್‌ನಲ್ಲಿ 33ನೇ ಹೆಸರು ಇವರದೇ. ಅವರ ವೆಬ್‌ಸೈಟ್‌ನಲ್ಲಿ ಫೋನ್ ನಂಬರ್ ಕೊಟ್ಟಿದ್ದೆ.

ಲ್ಯಾಬ್‌ಇಲಿ

ಬ್ಲಾಕ್ ಮಾಡಿ. ದುಡ್ಡು ಕೊಡಲು ದುಡ್ಡು ಕೇಳುವವರು ಸ್ಕಾಲರ್‌ಶಿಪ್‌ನವರಲ್ಲ. ಯೂನಿವರ್ಸಿಟಿಯ ಅರ್ಜಿ ಶುಲ್ಕ ಬೇರೆ ವಿಷಯ, ಅದು ನಿಜವಾದದ್ದೇ. ಅದನ್ನೂ ಕೆಲವು ಡಿಪಾರ್ಟ್‌ಮೆಂಟ್‌ಗಳು ಮೇಲ್ ಮಾಡಿ ಕೇಳಿದರೆ ಮನ್ನಾ ಮಾಡುತ್ತವೆ. ನಾನು ಆರು ಕಡೆ ಕೇಳಿದ್ದೆ, ಎರಡು ಕಡೆ ಮನ್ನಾ ಆಯಿತು.

ಅಡ್ಡಮಾತು

ಪ್ರಬಂಧ ಎಲ್ಲಾ ಎಐ ಹತ್ತಿರ ಬರೆಸಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ?

ಹಳೇಮೇಷ್ಟ್ರು

ಮುಗಿಯುತ್ತದೆ. ಮೊದಲು ಎಲ್ಲರೂ "ಬಾಲ್ಯದಿಂದಲೂ" ಅಂತ ಶುರು ಮಾಡುತ್ತಿದ್ದರು. ಈಗ ಎಲ್ಲರೂ ಇನ್ನೊಂದೇ ಥರ ನುಣುಪಾಗಿ ಶುರು ಮಾಡುತ್ತಾರೆ. ಓದುವವನಿಗೆ ವ್ಯತ್ಯಾಸ ಇಲ್ಲ, ಎರಡಕ್ಕೂ ನಿದ್ದೆ ಬರುತ್ತದೆ. ಅದೂ ಅಲ್ಲದೆ ಎಷ್ಟೋ ಕಡೆ ಇದರ ಬಗ್ಗೆ ನಿಯಮ ಇದೆ, ಸಿಕ್ಕಿಬಿದ್ದರೆ ಅರ್ಜಿ ರದ್ದು. ಕಾಗುಣಿತ ನೋಡಲು ಬಳಸಿಕೊಳ್ಳಲಿ. ತಕ್ಕಡಿಯ ಕಥೆ ಅದಕ್ಕೆ ಗೊತ್ತಿರುವುದಿಲ್ಲ, ಅದನ್ನು ನೀವೇ ಹೇಳಬೇಕು.

ಲೆಕ್ಕದಕ್ಕ

ತಾರೀಖಿನ ಬಗ್ಗೆ ಒಂದು ಮಾತು. ಇವುಗಳ ವರ್ಷ ನಮ್ಮ ಕಾಲೇಜಿನ ವರ್ಷದ ಜೊತೆ ಹೊಂದುವುದಿಲ್ಲ. ಎರಾಸ್ಮಸ್ ಮುಂಡಸ್ ಕೋರ್ಸ್‌ಗಳಿಗೆ ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ ಒಳಗೆ ಅರ್ಜಿ, ಹೋಗುವುದು ಮುಂದಿನ ಶರತ್ಕಾಲಕ್ಕೆ. ಜಪಾನಿನ ಮೆಕ್ಸ್ಟ್‌ಗೆ ಎರಡು ಬಾಗಿಲು. ರಾಯಭಾರ ಕಚೇರಿಯ ಮೂಲಕ ಒಂದು, ಅಲ್ಲಿನ ಯೂನಿವರ್ಸಿಟಿಯ ಮೂಲಕ ಇನ್ನೊಂದು. ರಾಯಭಾರ ಕಚೇರಿಯದು ಸಾಮಾನ್ಯವಾಗಿ ಏಪ್ರಿಲ್ ಮೇ ಹೊತ್ತಿಗೆ ಶುರು, ಹೊರಡುವುದು ಅದರ ಮುಂದಿನ ವರ್ಷ. ಪದವಿ ಮುಗಿದ ಮೇಲೆ ನೋಡೋಣ ಅಂದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಕೊನೇ ದಿನಾಂಕಕ್ಕಿಂತ ಎರಡು ತಿಂಗಳು ಹಿಂದಿನ ದಿನಾಂಕ ಒಂದು ಬರೆದುಕೊಳ್ಳಿ, ಮೇಷ್ಟ್ರಿಗೆ ಹೇಳುವ ದಿನ ಅಂತ.

ಕೊನೇಸೆಮ್

ವಾರದ ನಂತರ ಬಂದಿದ್ದೇನೆ. ಪಟ್ಟಿ ಈಗ ಐದಕ್ಕೆ ಬಂದಿದೆ. ಎರಡು ಎರಾಸ್ಮಸ್ ಮುಂಡಸ್ ಕೋರ್ಸ್, ಗೇಟ್ಸ್ ಕೇಂಬ್ರಿಜ್, ಮೆಕ್ಸ್ಟ್, ಮತ್ತೆ ಒಂದು ಯೂನಿವರ್ಸಿಟಿಯ ಡಿಪಾರ್ಟ್‌ಮೆಂಟಿನದೇ ಫೀಸ್ ಮನ್ನಾ. ಕೊನೆಯದು 41ರಲ್ಲಿ ಇರಲೇ ಇಲ್ಲ, ಕೋರ್ಸಿನ ಪುಟ ಪೂರ್ತಿ ಓದುವಾಗ ಕೆಳಗೆ ಸಿಕ್ಕಿತು. ಮೂರನೇ ಕಾಲಂನಲ್ಲಿ ಐದಕ್ಕೆ ಐದೂ "ಗೊತ್ತಿಲ್ಲ" ಅಂತಿತ್ತು, ಎಲ್ಲರಿಗೂ ಮೇಲ್ ಹಾಕಿದ್ದೇನೆ.

ಮೇಷ್ಟ್ರಿಗೆ ಕಳಿಸುವ ಮೇಲ್ ಇದು, ಸರಿ ಇದೆಯಾ ನೋಡಿ:

"ಗೌರವಾನ್ವಿತ ಸರ್, ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ತಮ್ಮ ವಿದ್ಯಾರ್ಥಿ. ನನಗೆ ಕೆಲವು ಸ್ಕಾಲರ್‌ಶಿಪ್‌ಗಳಿಗೆ ಶಿಫಾರಸು ಪತ್ರದ ಅವಶ್ಯಕತೆ ಇದೆ. ದಯವಿಟ್ಟು ಆದಷ್ಟು ಬೇಗ ಕೊಡಬೇಕಾಗಿ ವಿನಂತಿ."

ಹಳೇಮೇಷ್ಟ್ರು

ನೋಡಪ್ಪಾ, ಇಂಥ ಮೇಲ್ ನನಗೆ ಬಂದರೆ ಮೂರು ಪ್ರಶ್ನೆ ಏಳುತ್ತವೆ. ನೀನು ಯಾರು, ಯಾವುದಕ್ಕೆ, ಯಾವತ್ತಿಗೆ. ಮೂರಕ್ಕೂ ಉತ್ತರ ಇಲ್ಲ. ಅವರ ಕ್ಲಾಸಿನಲ್ಲಿ ನೀನು ಮಾಡಿದ ಒಂದು ಕೆಲಸ ನೆನಪಿಸು. ಎರಡು ಕೊನೇ ದಿನಾಂಕ ಬರೆ, ಸಿವಿ ಜೋಡಿಸು, ಆಯ್ಕೆಯವರು ಏನು ನೋಡುತ್ತಾರೆ ಅಂತ ಎರಡು ಸಾಲು ಹಾಕು. "ಬಿಡುವಿಲ್ಲದಿದ್ದರೆ ಹೇಳಿ ಸರ್, ಬೇರೆಯವರನ್ನು ಕೇಳುತ್ತೇನೆ" ಅಂತಲೂ ಸೇರಿಸು. ಮನಸ್ಸಿಲ್ಲದೆ ಬರೆದ ಪತ್ರಕ್ಕಿಂತ ಪತ್ರ ಇಲ್ಲದಿರುವುದು ವಾಸಿ.

ಕೊನೇಸೆಮ್

ತಿದ್ದಿದೆ:

"ಸರ್, ಐದನೇ ಸೆಮಿಸ್ಟರ್‌ನಲ್ಲಿ ನಿಮ್ಮ ಸಂಖ್ಯಾಶಾಸ್ತ್ರದ ಪೇಪರ್ ತೆಗೆದುಕೊಂಡಿದ್ದೆ. ನೀವು ಕೊಟ್ಟ ಮಳೆಯ ಅಂಕಿಅಂಶದಲ್ಲಿ ಎರಡು ತಿಂಗಳು ಅದಲುಬದಲಾಗಿವೆ ಅಂತ ಕ್ಲಾಸ್ ಮುಗಿದ ಮೇಲೆ ಬಂದು ಹೇಳಿದ್ದು ನಾನು. ಎರಡು ಅರ್ಜಿಗಳಿಗೆ ನಿಮ್ಮ ಶಿಫಾರಸು ಪತ್ರ ಬೇಕಿತ್ತು. ಕೊನೇ ದಿನಾಂಕಗಳು, ಅವರು ನೋಡುವ ಅಂಶಗಳು, ನನ್ನ ಸಿವಿ ಜೊತೆಗಿವೆ. ಈ ತಿಂಗಳು ಬಿಡುವಿಲ್ಲದಿದ್ದರೆ ದಯವಿಟ್ಟು ತಿಳಿಸಿ, ಬೇರೆಯವರನ್ನು ಕೇಳುತ್ತೇನೆ."

ಹಳೇಮೇಷ್ಟ್ರು

ಕಳಿಸು.

ಕೊನೇಸೆಮ್

ಉತ್ತರ ಬಂತು! ಹಾಗೇ ಹಾಕುತ್ತಿದ್ದೇನೆ: "ನೆನಪಿದೆ. ಆ ಎರಡು ತಿಂಗಳು ಬೇಕಂತಲೇ ಅದಲುಬದಲು ಮಾಡಿದ್ದು. ಮೂರು ವರ್ಷದಲ್ಲಿ ಹೇಳಿದವನು ನೀನೊಬ್ಬನೇ. ಸೋಮವಾರ ಬಾ, ಅಂಕಪಟ್ಟಿ ತಾ."

ಅಡ್ಡಮಾತು

ಸರಿ ಸರಿ. ಲಾಟರಿ ಟಿಕೆಟ್ ಒಳ್ಳೆಯದು ಸಿಕ್ಕಿದೆ ಅನ್ನೋಣ.

ಲೆಕ್ಕದಕ್ಕ

ಮೂರನೇ ಕಾಲಂ?

ಕೊನೇಸೆಮ್

ಐವರಲ್ಲಿ ಇಬ್ಬರು ಉತ್ತರ ಕೊಟ್ಟಿದ್ದಾರೆ ಅಕ್ಕ. ಒಬ್ಬರು ಸೇರಿದ ವಾರದಲ್ಲೇ ಕೊಡುತ್ತಾರಂತೆ. ಇನ್ನೊಬ್ಬರದು ಆರನೇ ವಾರ, ಮುಂಗಡದ ವ್ಯವಸ್ಥೆ ಇಲ್ಲವಂತೆ. ಹಾಗಾಗಿ ನಿನ್ನೆಯಿಂದ ಪಕ್ಕದ ಮನೆಯ ಇಬ್ಬರು ಹುಡುಗರಿಗೆ ಲೆಕ್ಕದ ಟ್ಯೂಷನ್ ಶುರು ಮಾಡಿದ್ದೇನೆ. ಆರು ವಾರಕ್ಕೆ ಎಷ್ಟು ಬೇಕು ಅಂತ ಬರೆಯಲು ಶೀಟ್‌ಗೆ ನಾಲ್ಕನೇ ಕಾಲಂ ಸೇರಿಸಿದೆ.

ಮೂರನೇಬೆಂಚು

ಸೋಫಾದ ಉದ್ದಕ್ಕೂ ಒಂದು ಕಾಲಂ ಇರಲಿ.